ಮೊದಲ ಕೊಡದ ನೀರು

ಮುಂಬಯಿಯಲ್ಲಿ ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಮುನ್ಸಿಪಾಲ್ಟಿಯ ಆರೋಗ್ಯ ಖಾತೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಪೂರ್ತಿ ಹೇಳಿದರೆ ಎದುರಿಗಿದ್ದವರು ಕೈಯಲ್ಲಿದ್ದ ತಿಂಡಿ ತಟ್ಟೆಗೆ ವಾಪಸು ಇಡುತ್ತಿದ್ದರು. ಯಾವುದೋ ಬಡಾವಣೆಯಲ್ಲಿ ಕಾಮಾಲೆಯೋ ವಾಂತಿಭೇದಿಯೋ ಹೆಚ್ಚಾಗಿದೆ ಎಂದು ಆಸ್ಪತ್ರೆಗಳಿಂದ ಸುದ್ದಿ ಬಂದರೆ ನಾನು ಅಲ್ಲಿಗೆ ಹೋಗಬೇಕು. ರೋಗಿಯ ಮನೆಯ ಬಾಗಿಲು ತಟ್ಟಿ, ಯಾವ ನೀರು ಕುಡಿದಿರಿ, ಹೊರಗೆಲ್ಲಿ ತಿಂದಿರಿ, ಸಂಡಾಸು ಎಲ್ಲಿದೆ ಎಂದು ಕೇಳಬೇಕು. ರೋಗ ಎಲ್ಲಿಂದ ಹೊರಟು ಯಾರ ಯಾರ ಮನೆ ಹೊಕ್ಕಿತು ಎಂದು ಅದರ ಬೆನ್ನು ಹತ್ತಬೇಕು. ಜನ ನೀರಿನ ಬಗ್ಗೆ ಅರ್ಧ ಸುಳ್ಳು ಹೇಳುತ್ತಾರೆ, ಸಂಡಾಸಿನ ಬಗ್ಗೆ ಪೂರ್ತಿ ಸುಳ್ಳು ಹೇಳುತ್ತಾರೆ. ಮೈಸೂರಿನಲ್ಲಿದ್ದ ನಮ್ಮಮ್ಮ, ಮಗಳು ಬೊಂಬಾಯಿಯಲ್ಲಿ ಆಫೀಸರು ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ನಿನ್ನನ್ನು ಕಾಲೇಜಿಗೆ ಕಳಿಸಿದ್ದು ಇದಕ್ಕಾ ಅಂತ ಕೇಳಿದ್ದು ನನ್ನೊಬ್ಬಳನ್ನೇ.

ನನ್ನ ಗಂಡ ಉಡುಪಿ ಕಡೆಯವರು. ದಾದರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ನಾವಿಬ್ಬರೂ ಸಯನ್ನಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲಾಟಿನಲ್ಲಿದ್ದೆವು. ನಾನು ಕೊಳೆಗೇರಿಗಳನ್ನೆಲ್ಲ ಸುತ್ತಿ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದರೆ, 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ಅವರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆಗಿನ್ನೂ ಆ ಮಾತಿಗೆ ನಗು ಬರುತ್ತಿತ್ತು.

ಅತ್ತೆ ಭಾಂಡುಪಿನ ಚಾಳಿನ ಒಂದು ಖೋಲಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಒಬ್ಬರೇ ಇದ್ದರು. ಮಾವ ಅಲ್ಲಿಯ ಕಾರ್ಖಾನೆಯಲ್ಲಿ ದುಡಿದು ಅದೇ ಖೋಲಿಯಲ್ಲಿ ತೀರಿಕೊಂಡಿದ್ದರು. ನಮ್ಮ ಜೊತೆ ಬಂದಿರಿ ಎಂದರೆ ಅತ್ತೆ ಒಪ್ಪುತ್ತಿರಲಿಲ್ಲ. ಅವರು ಕಾಮಾಲೆಗೆ ಮದ್ದು ಕೊಡುವವರು. ಹುಡುಕಿಕೊಂಡು ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದೆ ಹೋಗಬಾರದೆಂದು ಅವರ ತಾಯಿ ಮಾತು ತೆಗೆದುಕೊಂಡಿದ್ದರಂತೆ. ಪ್ರತಿ ಭಾನುವಾರ ಮುಂಜಾನೆ ಮೊದಲ ಲೋಕಲಿಗೆ ಮುಲುಂಡ್, ಮಾಟುಂಗಾ, ದಾದರ್ ಎಲ್ಲ ಕಡೆಯಿಂದ ನಮ್ಮವರು ಬರಿಹೊಟ್ಟೆಯಲ್ಲಿ ಬಂದು ಆ ಚಾಳಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹೋಟೆಲಿನ ಹುಡುಗರು ಬರುತ್ತಿದ್ದರು. ಹೋಟೆಲಿನ ಧಣಿಗಳೂ ಬರುತ್ತಿದ್ದರು. ನಮ್ಮ ಹಳೇ ಮೈಸೂರಿನ ಬ್ಯಾಂಕಿನ ಜನ ಮೊದಲು ದೊಡ್ಡ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಯಾರಿಗೂ ಹೇಳದೆ ಇಲ್ಲಿಗೆ ಬರುತ್ತಿದ್ದರು. ಅತ್ತೆ ಯಾರ ಹೆಸರನ್ನೂ ಕೇಳುವಂತಿಲ್ಲ, ಬಂದವರ ವಿಷಯ ಇನ್ನೊಬ್ಬರಿಗೆ ಆಡುವಂತಿಲ್ಲ, ಅದು ನಿಯಮ. ಮದ್ದನ್ನು ಹೇಗೆ ಮಾಡುತ್ತೇವೆಂದು ಹೇಳಿದರೆ ಕೈಗುಣ ಹೋಗುತ್ತದೆ, ಹೇಳಿದವರ ಮನೆಗೆ ಕೇಡಾಗುತ್ತದೆ, ಅದು ಇನ್ನೊಂದು ನಿಯಮ. ಸಾಯುವ ಕಾಲಕ್ಕೆ ಮಗಳಿಗೋ ಸೊಸೆಗೋ ಕಿವಿಯಲ್ಲಿ ಹೇಳಬೇಕು.

ಮೂರನೆಯ ನಿಯಮವೂ ಇತ್ತು, ಅದನ್ನು ನಾನು ತಿಳಿದದ್ದು ತಡವಾಗಿ. ನನಗೆ ಆ ಮದ್ದಿನ ಮೇಲೆ ನಂಬಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಮಾಲೆಗೆ ಇಂಗ್ಲಿಷ್ ವೈದ್ಯದಲ್ಲಿ ಔಷಧಿಯೇ ಇರಲಿಲ್ಲ. ಸೊಪ್ಪಿನ ರಸ ಕುಡಿದು, ಪಥ್ಯ ಮಾಡಿ, ಮಲಗಿದ್ದರೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತಿತ್ತು. ನಾನು ಅದನ್ನು ಲೆಕ್ಕಕ್ಕೆ ಇಟ್ಟಿಲ್ಲವೆಂದು ಅತ್ತೆಗೆ ಗೊತ್ತಿತ್ತು. 'ಹಿತ್ತಲ ಗಿಡ ಮದ್ದಲ್ಲ ಅಲ್ವಾ ನಿನಗೆ' ಎಂದು ಅವರು ನಗುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಮಳೆ ನಿಂತ ಮೇಲೆ, ಭಾಂಡುಪಿನಲ್ಲಿ ಕಾಮಾಲೆ ಹಬ್ಬಿತು. ಮುಚ್ಚಿದ ಒಂದು ಕಾರ್ಖಾನೆಯ ಜಾಗದಲ್ಲಿ ಯಾರೋ ಬಿಲ್ಡಿಂಗ್ ಕಟ್ಟಲು ಅಗೆದಿದ್ದರು, ಕುಡಿಯುವ ನೀರಿನ ಪೈಪು ಮತ್ತು ಗಟಾರದ ಪೈಪು ಅಲ್ಲಿ ಒಂದರ ಪಕ್ಕ ಒಂದು ಒಡೆದಿದ್ದವು. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ ಸ್ವಲ್ಪ ಹೊತ್ತು. ಉಳಿದ ಹೊತ್ತಿನಲ್ಲಿ ಖಾಲಿ ಪೈಪು ಸುತ್ತಲಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಕೂಡಲೇ ಮೊದಲು ಹೊರಬರುವುದು ಅದೇ. ಚಾಳಿನ ಹೆಂಗಸರಿಗೆ ಈ ವಿಜ್ಞಾನ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಮೊದಲ ನೀರು ವಾಸನೆ ಹೊಡೆಯುತ್ತದೆಂದು ಅವರು ಅದನ್ನು ಸಂಡಾಸಿನ ಬಕೆಟ್ಟಿಗೆ ಹಿಡಿದು, ತಿಳಿಯಾದ ಮೇಲೆ ಕುಡಿಯಲು ತುಂಬಿಕೊಳ್ಳುತ್ತಿದ್ದರು. ಆದರೂ ಮನೆಗೊಬ್ಬರಂತೆ ಮಲಗಿದರು. ಆಗ ಈ ಕಾಮಾಲೆಗೆ ಸರಿಯಾದ ಹೆಸರೂ ಇರಲಿಲ್ಲ. ಡಾಕ್ಟರುಗಳು ಇದು ಎ ಅಲ್ಲ, ಬಿ ಅಲ್ಲ ಎನ್ನುತ್ತಿದ್ದರು, ಅದೇ ಅದರ ಹೆಸರಾಗಿತ್ತು. ಒಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಬೇರೆಯವರನ್ನು ಹಣ್ಣು ಮಾಡಿ ಬಿಡುವ ಈ ಕಾಮಾಲೆ ದಿನ ತುಂಬುತ್ತಿರುವ ಬಸುರಿಯರನ್ನು ಉಳಿಸುತ್ತಿರಲಿಲ್ಲ.

ಆ ಸಮಯದಲ್ಲಿ ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಡೊಂಬಿವಲಿಯ ಗಂಡನ ಮನೆಯಿಂದ ಭಾಂಡುಪಿನ ತಾಯಿಯ ಮನೆಗೆ ಬಂದಿದ್ದಳು. ಬಯಕೆಯ ಶಾಸ್ತ್ರ ಮುಗಿದಿತ್ತು. ನನ್ನ ಗಂಡನ ಕಡೆಯವರೆಲ್ಲ ನನ್ನ ಮೈಸೂರು ಮಾತನ್ನು ಅಣಕಿಸುತ್ತಿದ್ದಾಗ ಮದುವೆಯ ಮೊದಲ ದಿನದಿಂದಲೂ ನನ್ನ ಕಡೆಗೆ ನಿಂತವಳು ಅವಳು. ಅವಳ ಮಾತು ಅರ್ಧ ಕನ್ನಡ, ಅರ್ಧ ಹಿಂದಿ. ನನಗೆ ಮಕ್ಕಳಿರಲಿಲ್ಲ, ಅವಳ ಮಗುವಿಗೆ ಸ್ವೆಟರ್ ಹೆಣೆಯಲು ಉಲ್ಲನ್ ತಂದಿಟ್ಟಿದ್ದೆ. ಭಾಂಡುಪಿನ ಸುದ್ದಿ ಬಂದ ಕೂಡಲೇ ಓಡಿಹೋಗಿ, ಕುಡಿಯುವ ನೀರನ್ನು ಮರಳಿಸಿ ಆರಿಸಿ ಕೊಡಬೇಕೆಂದು ಅತ್ತೆಗೆ ಹೇಳಿದೆ. ಅತ್ತೆ ಮಾತು ಮೀರಲಿಲ್ಲ. ಕುದಿಸಿದ ನೀರಿಗೆ ಬೇರೆ ತಪ್ಪಲೆ, ಬೇರೆ ಲೋಟ ಇಟ್ಟರು. ನನಗೆ ಸಮಾಧಾನವಾಯಿತು.

ಆಮೇಲೆ ತಲೆ ಕೆಡಿಸುವ ಸಂಗತಿ ಶುರುವಾಯಿತು. ಒಡೆದ ಪೈಪಿನ ನೀರು ಹೋಗದ ಜಾಗಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮಾಟುಂಗಾದಲ್ಲಿ ಇಬ್ಬರು, ದಾದರಿನಲ್ಲಿ ಒಂದು ಮನೆ, ನಮ್ಮ ಸಯನ್ನಿನಲ್ಲೂ ಒಂದು ಮನೆ. ಗೋಡೆಯ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚುತ್ತಿದ್ದ ನಮ್ಮ ಸಾಹೇಬರು ಮರಾಠಿ ಡಾಕ್ಟರು, ಒಳ್ಳೆಯವರು, ಆದರೆ ಅವಸರದವರು. ಚಟ್ನಿ, ಉಡುಪಿ ಹೋಟೆಲುಗಳ ಹಸಿ ಚಟ್ನಿ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ನಾನು ಹೋಟೆಲುಗಳ ನೀರಿನ ಟಾಕಿ ಇಣುಕಿ, ಮಾಣಿಗಳ ಉಗುರು ನೋಡುತ್ತ ಅಲೆದೆ. ನನ್ನ ಗಂಡ ನನ್ನ ಜೊತೆ ಮಾತು ಬಿಟ್ಟರು. ಅವರ ಧಣಿ ಎಲ್ಲರೆದುರು, ನಿಮ್ಮ ಮನೆಯವರು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ ಎಂದಿದ್ದನಂತೆ. ಟಾಕಿಗಳಲ್ಲಿ ಏನೂ ಸಿಗಲಿಲ್ಲ. ಮಲಗಿದ್ದವರಲ್ಲಿ ಕೆಲವರು ಹೋಟೆಲಿನ ಮೆಟ್ಟಿಲು ಹತ್ತಿದವರೇ ಅಲ್ಲ.

ಸಾಹೇಬರಿಗೆ ಕಾಣದ ಒಂದು ಸಂಗತಿ ನನಗೆ ಕಾಣುತ್ತಿತ್ತು. ಹೊಸ ಸೂಜಿಗಳೆಲ್ಲ ನಮ್ಮವರ ಮನೆಗಳು. ಬಾಗಿಲು ತೆರೆದವರೆಲ್ಲ ನನ್ನ ಜೊತೆ ಕನ್ನಡದಲ್ಲೋ ತುಳು ಬೆರೆತ ಕನ್ನಡದಲ್ಲೋ ಮಾತಾಡಿದರು. ಪಕ್ಕದ ಮರಾಠಿಯವರಿಗೆ, ಮೇಲಿನ ಗುಜರಾತಿಯವರಿಗೆ ಏನೂ ಆಗಿರಲಿಲ್ಲ. ರೋಗ ಜಾತಿ ಭಾಷೆ ನೋಡಿ ಹತ್ತುವುದಿಲ್ಲ. ಹಾಗೆ ಹತ್ತಿದಂತೆ ಕಂಡರೆ, ಆ ಜನ ಮಾತ್ರ ಮಾಡುವ ಏನೋ ಒಂದಿದೆ ಎಂದು ಅರ್ಥ.

ಸಯನ್ನಿನ ಮನೆಯಾಕೆ ಶಾಲೆಯ ಟೀಚರು, ನಮ್ಮ ಮೈಸೂರು ಕಡೆಯವರೇ. ಗಂಡನಿಗೆ ಭಾಂಡುಪಿನ ಕಾರ್ಖಾನೆಯಲ್ಲಿ ಕೆಲಸ. ಮೊದಲು ಅವರಿಗೆ ಕಾಮಾಲೆ ಬಂದು ವಾಸಿಯಾಗಿತ್ತು. ವಾರಗಳು ಕಳೆದ ಮೇಲೆ ಈಕೆ ಮತ್ತು ಮಾವ ಒಟ್ಟಿಗೇ ಮಲಗಿದ್ದರು. ಗಂಡನಿಂದ ಹತ್ತಿತು ಎನ್ನೋಣವೆಂದರೆ ಆಕೆ ಅವರ ತಟ್ಟೆ ಲೋಟವನ್ನೂ ಬಿಸಿನೀರಲ್ಲಿ ತೊಳೆದವರು. ನಾನು ಕೇಳಿದ್ದನ್ನೇ ಕೇಳಿದೆ. ಯಜಮಾನರು ಮಲಗಿದಾಗ ಏನೇನು ಮಾಡಿದಿರಿ, ಎಲ್ಲೆಲ್ಲಿ ಹೋದಿರಿ. ಆಕೆ ಸಂಕೋಚದಿಂದ ಸೆರಗು ಸರಿಮಾಡಿಕೊಂಡರು.

"ಏನಿಲ್ಲ ಕಣ್ರೀ, ಭಾಂಡುಪಲ್ಲಿ ಒಬ್ಬರು ಅಮ್ಮ ಮದ್ದು ಕೊಡ್ತಾರಲ್ಲ, ಅಲ್ಲಿಗೆ ಹೋಗಿದ್ವಿ. ಜೊತೇಲಿರೋರೂ ಒಂದೊಂದು ಗುಟುಕು ಕುಡೀಬೇಕಂತೆ. ಇಲ್ದಿದ್ರೆ ಕಾಮಾಲೆ ಮನೆ ಬಿಡಲ್ವಂತೆ, ಆಳು ಬದಲಾಯಿಸುತ್ತಂತೆ. ನಾನೂ ಮಾವನೋರೂ ಕುಡಿದ್ವಿ."

ಮೂರನೆಯ ನಿಯಮ ಅದು. ದಾದರ್, ಮಾಟುಂಗಾದ ಮನೆಗಳಿಗೆ ಮತ್ತೆ ಹೋಗಿ ಅದೊಂದೇ ಪ್ರಶ್ನೆ ಕೇಳಿದೆ. ಎಲ್ಲರೂ ಗುಟುಕು ಕುಡಿದವರೇ. ಕೊನೆಯ ಮನೆಯಿಂದ ನೇರ ಸ್ಟೇಷನ್ನಿಗೆ ಹೋಗಿ ಭಾಂಡುಪಿನ ಲೋಕಲ್ ಹಿಡಿದೆ. 

ಅತ್ತೆ ತೊಂಡೆಕಾಯಿ ಹೆಚ್ಚುತ್ತಿದ್ದರು. ನಾದಿನಿ ಗೋಡೆಗೊರಗಿ ಕಾಲು ಚಾಚಿಕೊಂಡು ರೇಡಿಯೋ ಕೇಳುತ್ತಿದ್ದಳು. ಮದ್ದು ಹೇಗೆ ಮಾಡುತ್ತೀರಿ ಹೇಳಿ ಎಂದೆ. ಅದನ್ನೆಲ್ಲ ಕೇಳ್ಲಿಕ್ಕಿಲ್ಲ ಎಂದರು ಅತ್ತೆ. ಜನ ಮಲಗುತ್ತಿದ್ದಾರೆ, ನೀವು ಹೇಳದಿದ್ದರೆ ಮುನ್ಸಿಪಾಲ್ಟಿಯವರೇ ಬಂದು ಕೇಳುತ್ತಾರೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಅವರು ತೊಂಡೆಕಾಯಿ ಪಕ್ಕಕ್ಕೆ ಸರಿಸಿದರು. ಹೇಗೂ ಒಂದು ದಿನ ನಿನಗೇ ಹೇಳಬೇಕಾದ್ದು ಎಂದು ಕೈ ತೊಳೆದು, ದೇವರ ಪಟಕ್ಕೆ ಕೈಮುಗಿದು, ಮಗಳಿಗೆ ಕೇಳದಂತೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಸೊಪ್ಪಿನ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅದು ಬಡಪಾಯಿ ಸೊಪ್ಪು, ಅದರದ್ದೇನೂ ತಪ್ಪಿಲ್ಲ.

"ಅರೆಯುವುದು ಮೊದಲ ಕೊಡದ ನೀರಿನಲ್ಲಿ," ಎಂದರು ಅತ್ತೆ. "ಯಾರೂ ಮುಟ್ಟಿರ್ಲಿಕ್ಕಿಲ್ಲ. ಬೆಂಕಿ ತಾಗಿಸ್ಲಿಕ್ಕಿಲ್ಲ."

ಅವರ ಊರಿನಲ್ಲಿ ಅದು ಬಾವಿಯ ನೀರು. ರಾತ್ರಿಯೆಲ್ಲ ಅಲುಗದೆ ತಿಳಿಯಾದ ಬಾವಿಗೆ ಬೆಳಗಾಗುವ ಮೊದಲು ಇಳಿಸಿದ ಮೊದಲ ಕೊಡ, ಊರಿನಲ್ಲಿ ಅದಕ್ಕಿಂತ ಶುದ್ಧವಾದ ನೀರು ಇರಲಿಕ್ಕಿಲ್ಲ. ಆ ನಿಯಮವನ್ನು ಅವರು ಹಾಗೆಯೇ ಮುಂಬಯಿಗೆ ತಂದಿದ್ದರು. ಭಾನುವಾರ ಚಾಳಿನವರಿಗಿಂತ ಮೊದಲೆದ್ದು, ಸ್ನಾನ ಮಾಡಿ, ನಲ್ಲಿಗೆ ಕೊಡ ಹಿಡಿದು ನಿಲ್ಲುತ್ತಿದ್ದರು. ಸಂಡಾಸಿಗೆ ಹೋಗಬೇಕಾದ ನೀರನ್ನು ಹೆಂಗಸರೆಲ್ಲ ಗೌರವದಿಂದ ಅವರಿಗೆ ಬಿಟ್ಟುಕೊಡುತ್ತಿದ್ದರು. ಮಣ್ಣಿನ ಬಣ್ಣ ಇದ್ದರೆ ಅತ್ತೆ ಮಡಿಬಟ್ಟೆಯಲ್ಲಿ ಸೋಸುತ್ತಿದ್ದರು. ನೀರು ಕೆಟ್ಟಿದೆ, ಕುದಿಸಿ ಎಂದು ನಾನು ಹೇಳಿದ್ದೆನಲ್ಲ ಎಂದರೆ, ಕುಡಿಯುವ ನೀರನ್ನು ಕುದಿಸಿದ್ದೇನಲ್ಲ, ಮದ್ದಾದ ಮೇಲೆ ಅದು ನೀರು ಹೇಗಾಗುತ್ತದೆ ಎಂದು ನನ್ನನ್ನೇ ಕೇಳಿದರು.

ನಾನು ನಾದಿನಿಯ ಕಡೆ ನೋಡಿದೆ. 

"ಅತ್ತೆ, ಇವಳಿಗೆ ಕೊಟ್ಟಿದ್ದೀರಾ?"

"ಕೊಡದೆ?" ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿತ್ತು. "ಚಾಳಲ್ಲಿ ಇಷ್ಟು ಕಾಮಾಲೆ ಇರುವಾಗ ಬಸ್ರಿ ಮಗಳನ್ನು ಹಾಗೇ ಬಿಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಎಲ್ಲರಿಗಿಂತ ಮೊದಲು ಅವಳಿಗೇ ಕೊಟ್ಟದ್ದು."

ಬೇರೆ ಬಸುರಿಯರು ಯಾರಾದರೂ ಕುಡಿದಿದ್ದಾರೆಯೇ ಎಂದು ಕೇಳಿದೆ. ಅತ್ತೆ, ಒಂದೇ ದಿನ ಎರಡು ಮಾತು ಮುರಿಯಬೇಕಾ ಎಂದು ಹೇಳಿ ತೊಂಡೆಕಾಯಿಗೆ ಕೈಹಾಕಿದರು. ಗುಟ್ಟು ಹೇಳಿಯಾದ ಮೇಲೆ ತನ್ನ ಕೈಗೆ ಗುಣವಿಲ್ಲವೆಂದು ಅವರು ಆ ಭಾನುವಾರದಿಂದಲೇ ಮದ್ದು ನಿಲ್ಲಿಸಿದರು. ಬಂದವರನ್ನು ಬರಿಗೈಯಲ್ಲಿ ಕಳಿಸುವಾಗ ಅತ್ತರಂತೆ.

ನಾದಿನಿಯನ್ನು ನಾನು ಸಯನ್ನಿಗೆ ಕರೆದುಕೊಂಡು ಬಂದೆ. ಆಸ್ಪತ್ರೆ ಹತ್ತಿರವಿದೆ ಎಂದು ನೆಪ ಹೇಳಿದೆ. ಮಾಡುವುದೇನೂ ಇರಲಿಲ್ಲ. ಚುಚ್ಚುಮದ್ದಿಲ್ಲ, ಮಾತ್ರೆಯಿಲ್ಲ. ಒಳಗೆ ಹೋದದ್ದು ಹತ್ತಿದೆಯೋ ಇಲ್ಲವೋ ಎಂದು ಕಾಯಬೇಕು. ಕುಡಿದವರಿಗೆಲ್ಲ ಬರುವುದಿಲ್ಲ ಎಂದು ಸಾಹೇಬರು ಹೇಳಿದ್ದನ್ನು ನಾನು ಜಪ ಮಾಡಿದಂತೆ ಹೇಳಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಅವಳ ಕಣ್ಣು ನೋಡುತ್ತಿದ್ದೆ.

"ಅತ್ತಿಗೆ, ಏನು ಹಾಗೆ ಘೂರ್ ಮಾಡ್ತಿ?" ಎಂದು ನಗುತ್ತಿದ್ದಳು. "ನಿನ್ನ ಡ್ಯೂಟಿ ಘರ್‌ನಲ್ಲೂ ಚಾಲೂನಾ?"

ಒಂದು ಬೆಳಿಗ್ಗೆ ಕಾಫಿ ಬೇಡವೆಂದಳು. ಮರುದಿನ ಅನ್ನದ ವಾಸನೆಗೇ ಓಕರಿಸಿದಳು. ಅದರ ಮರುದಿನ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಏನೋ ಕೇಳಲು ನನ್ನ ಕಡೆ ತಿರುಗಿದಳು, ಆಗ ಕಂಡಿತು. ನಾನು ಮುಂಬಯಿಯಲ್ಲಿ ಎಷ್ಟೋ ಜನರ ಹಳದಿ ಕಣ್ಣು ನೋಡಿದ್ದೆ. ಆ ದಿನ ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ಒಲೆ ಆರಿಸಿ, ಅವಳ ಬಟ್ಟೆ ಚೀಲಕ್ಕೆ ತುಂಬಿದೆ.

ಆಸ್ಪತ್ರೆಯಲ್ಲಿ ಅವಳು ಮೊದಲು ಮಂಕಾದಳು, ಆಮೇಲೆ ಯಾರು ಯಾರೆಂದು ಮರೆತಳು. ಮಗು ಹೊಟ್ಟೆಯಲ್ಲೇ ಹೋಯಿತು. ಕೊನೆಗೆ ಕನ್ನಡವೂ ಮರೆತುಹೋಯಿತು, ತಾಯಿಯ ಹತ್ತಿರ ಹಿಂದಿಯಲ್ಲಿ ಮಾತಾಡಿದಳು, ಯಾರೋ ನೆರೆಮನೆಯ ಹೆಂಗಸಿನ ಹತ್ತಿರ ಮಾತಾಡಿದ ಹಾಗೆ. ಅತ್ತೆ ತಮಗೆ ಬಂದಷ್ಟು ಹಿಂದಿಯಲ್ಲಿ ಉತ್ತರ ಕೊಡುತ್ತ ಅವಳ ಪಾದ ಒತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳು ತೀರಿಕೊಂಡಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ.

ಆಫೀಸಿನಲ್ಲಿ ಸಾಹೇಬರು ನನ್ನ ಬೆನ್ನು ತಟ್ಟಿದರು. ನಕ್ಷೆಯ ಮೇಲೆ ಭಾಂಡುಪಿನಿಂದ ಒಂದೊಂದು ಸೂಜಿಗೂ ದಾರ ಕಟ್ಟಿ, ನೋಡಿ, ಎಲ್ಲ ಹೊಂದಿತು ಎಂದರು. ಪೈಪಿನ ರಿಪೇರಿಯೂ ಆಗಿತ್ತು. ಸಯನ್ನಿಗೆ ಚುಚ್ಚಿದ್ದ ಎರಡನೆಯ ಸೂಜಿ ಯಾರದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. 

ಉತ್ತರಕ್ರಿಯೆ ಮುಗಿದ ಮೇಲೆ ಅತ್ತೆ ಒಂದೇ ಮಾತು ಹಿಡಿದರು. ತಾನು ಬಾಯಿ ಬಿಟ್ಟೆ, ಗುಟ್ಟು ಹೊರಗೆ ಹಾಕಿದೆ, ಅದಕ್ಕೇ ಮಗಳು ಹೋದಳು. ನನ್ನ ಗಂಡ ನನ್ನನ್ನು ಬಾಲ್ಕನಿಗೆ ಕರೆದು, ಅದನ್ನೇ ನಂಬಿಕೊಂಡಿರಲಿ, ನೀರಿನ ವಿಷಯ ಎತ್ತಬೇಡ ಎಂದು ಬೇಡಿಕೊಂಡರು. ಕೇಳಿದ್ದು ನೀನು, ನಿನ್ನನ್ನು ಬೈದುಕೊಂಡಾದರೂ ಅಮ್ಮ ಬದುಕಲಿ ಎಂದರು. ನನಗೂ ಒಪ್ಪಿಗೆಯಿತ್ತು. ಬೈಸಿಕೊಳ್ಳುವುದು ನನಗೆ ಹೊಸದೇನಲ್ಲ. ಆದರೆ ಗುಟುಕು ಕುಡಿದ ಬೇರೆ ಬಸುರಿಯರು ಎಲ್ಲೋ ಇದ್ದರೆ ಅವರು ಯಾರೆಂದು ಗೊತ್ತಿದ್ದದ್ದು ಅತ್ತೆಗೊಬ್ಬರಿಗೇ. ಹೆಸರು ಕೇಳದಿದ್ದರೂ ಬಸುರಿಯರ ಮನೆ ಎಲ್ಲೆಂದು ಮಾತಿನ ನಡುವೆ ಅವರಿಗೆ ತಿಳಿದಿರುತ್ತಿತ್ತು. ಮಗಳು ಸತ್ತ ಮೇಲಂತೂ ಅವರು ಉಳಿದ ನಿಯಮವನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದರು. ಒಂದು ವಾರ ಹಾಗೇ ಕಳೆದೆ. ಆಮೇಲೆ ಭಾಂಡುಪಿಗೆ ಹೋಗಿ, ಅವರ ಎದುರು ಕೂತು, ಪೈಪಿನಿಂದ ಹಿಡಿದು ಎಲ್ಲ ಹೇಳಿದೆ.

ಅತ್ತೆ ಅಳಲಿಲ್ಲ.

"ಗುಟ್ಟು ಹೇಳುವಾಗ ಅವಳ ಒಳಗೆ ಅದಾಗ್ಲೇ ಇತ್ತಾ?" ಎಂದು ಕೇಳಿದರು.

"ಇತ್ತು ಅತ್ತೆ."

"ಹಾಗಾದ್ರೆ ನನ್ನ ಬಾಯಿ ಅಲ್ಲ. ಕೈ."

  ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು ಸೀರೆ ಬದಲಾಯಿಸಿ, ಚಪ್ಪಲಿ ಹಾಕಿಕೊಂಡರು. ಇಬ್ಬರಿದ್ದಾರೆ, ನಡೆ ಎಂದರು.

ಮೊದಲನೆಯ ಮನೆ ಕಾಂಜೂರಿನಲ್ಲಿ. ಬೀಗ ಹಾಕಿತ್ತು. ಪಕ್ಕದ ಮರಾಠಿ ಹೆಂಗಸು, ಹುಡುಗಿ ಹೆರಿಗೆಗೆ ಊರಿಗೆ ಹೋದಳು, ಗಂಡನೂ ಬಿಟ್ಟುಬರಲು ಹೋದವನು ಬಂದಿಲ್ಲ ಎಂದಳು. ಯಾವ ಊರು? ಮಂಗಳೂರು ಕಡೆ ಯಾವುದೋ. ಹುಷಾರಾಗಿದ್ದಳೇ? ಊಟ ಸೇರುತ್ತಿರಲಿಲ್ಲ, ಬಸುರಿಯಲ್ಲವೇ ಎಂದಳು. ಅತ್ತೆ ಬೀಗವನ್ನು ಕೈಯಲ್ಲಿ ಹಿಡಿದು ಒಮ್ಮೆ ಎಳೆದು ನೋಡಿದರು. ಆಮೇಲೆ ನಾನು ಎಷ್ಟು ಸಲ ಆ ಬಾಗಿಲಿಗೆ ಹೋದರೂ ಅವರು ಸಿಗಲಿಲ್ಲ. ಕೊನೆಗೆ ಬೇರೆ ಯಾರೋ ಬಾಡಿಗೆಗೆ ಬಂದರು. ಆ ಹುಡುಗಿ ಏನಾದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯವಳು ದಾದರಿನಲ್ಲಿ, ಆಸ್ಪತ್ರೆಗೆ ಹೋಗದೆ ನಮ್ಮ ನಕ್ಷೆಗೆ ಬಾರದ ಮನೆ. ಬಾಗಿಲು ತೆರೆದವಳ ತಲೆಗೆ ಬಾಣಂತಿಯ ಬಟ್ಟೆ ಕಟ್ಟಿತ್ತು, ಒಳಗೆ ಮಗು ಅಳುತ್ತಿತ್ತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು.  ಅತ್ತೆಯನ್ನು ನೋಡಿದ್ದೇ ಅವಳು ಗಡಿಬಿಡಿಯಿಂದ ಕಾಲಿಗೆ ಬಿದ್ದಳು. ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಹಾಕಿ, ಮನೆಯವರಿಗೆಲ್ಲ ಬಂದರೂ ನಿಮ್ಮ ಒಂದು ಗುಟುಕು ಮದ್ದು ನನ್ನನ್ನೂ ಇದನ್ನೂ ಕಾಪಾಡಿತು ಎಂದಳು. ಅತ್ತೆ ಮಗುವಿನ ತಲೆ ಮುಟ್ಟದೆ ಹಿಂದಕ್ಕೆ ಕೊಟ್ಟು, ಕಾಫಿಗೂ ನಿಲ್ಲದೆ ಮೆಟ್ಟಿಲಿಳಿದರು.

ಹಿಂದೆ ಬರುವಾಗ ಲೋಕಲಿನಲ್ಲಿ ಸೀಟು ಸಿಕ್ಕಿತು. ಘಾಟ್‌ಕೋಪರ್ ದಾಟಿತು. ಅತ್ತೆ ನನ್ನ ಕಡೆ ತಿರುಗಿದರು.

"ಮದ್ದು ಕೊಡುವವಳು ಮೊದಲು ತಾನು ಕುಡೀಬೇಕು, ಅದು ಕ್ರಮ. ಪ್ರತಿ ಸಲ ಕುಡ್ದಿದ್ದೇನೆ. ಅವಳಿಗೆ ಕೊಟ್ಟ ದಿನವೂ ಅದೇ ಲೋಟದಲ್ಲಿ ನಾನು ಮೊದಲು ಕುಡ್ದದ್ದು. ನನಗೆ ಯಾಕೆ ಬರ್ಲಿಲ್ಲ? ನೀನು ಓದಿದವಳಲ್ವಾ, ಹೇಳು."

ಈ ಪ್ರಶ್ನೆಯನ್ನು ನಾನೇ ಸಾಹೇಬರಿಗೆ ಕೇಳಿದ್ದೆ. ಖಚಿತವಾಗಿ ಯಾರಿಗೂ ತಿಳಿದಿಲ್ಲ, ಚಿಕ್ಕಂದಿನಲ್ಲಿ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲವೇನೋ ಎಂದಿದ್ದರು. ನಿಮಗೂ ಹಾಗೇ ಬಂದು ಹೋಗಿರಬೇಕು ಅತ್ತೆ ಎಂದೆ.

"ಹೌದು, ಬಂದಿತ್ತು," ಎಂದರು ಅತ್ತೆ. "ಸಾಯ್ಲಿಕ್ಕೆ ಆಗಿದ್ದೆ. ಇದೇ ಮದ್ದು ಕೊಟ್ಟು ಅಮ್ಮ ನನ್ನನ್ನು ಉಳಿಸಿಕೊಂಡದ್ದು."

ಭಾಂಡುಪ್ ಬಂತು. ಇಳಿಯಬೇಕು ಅತ್ತೆ ಎಂದು ನಾನು ಎರಡು ಸಲ ಹೇಳಬೇಕಾಯಿತು.